ಹೆಸರಿನೊಡನೆ ಬಂದ ಊರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವುವು. ಶಾಲೆಗಳ ಆಡಳಿತದ ಸೌಕರ್ಯಕ್ಕಾಗಿ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯಲ್ಲಿ ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದು ಈಗ ವಿಶ್ರಾಂತರಾಗಿರುವ ನಮಗೆ ಇಲ್ಲಿಯ ಮಕ್ಕಳ ಹೆಸರುಗಳಷ್ಟು ಪರಿಚಿತವಾದ ವಸ್ತು ಬೇರೊಂದಿಲ್ಲ. ದಾಖಲಾತಿ ಪುಸ್ತಕವನ್ನು ಮುಂದಿಟ್ಟುಕೊಂಡು ಹೆಸರನ್ನು ಕೇಳಿದರೆ ಹುಡುಗನು ಥಟ್ಟನೆ ಹೇಳುವನು. ತಂದೆಯ ಹೆಸರನ್ನೂ ಹೇಳುವನು. ಹೆಸರಿಗೆ ಮುಂಚೆ ಬರುವ ಅಕ್ಷರವು ಯಾವ ಊರಿನದು ಎಂದು ಕೇಳಿದರೆ ಮಾತ್ರ ತಂದೆಯ ಮುಖವನ್ನು ನೋಡುವನು. ತಂದೆಯು, ‘ಅದು ನಮ್ಮ ಹಿರಿಯರ ಕಾಲದಿಂದ ಬಂದದ್ದು, ಸ್ವಾಮಿ, ಅಜ್ಜನನ್ನು ಕೇಳಬೇಕು’ ಎನ್ನುವನು. ಅಜ್ಜನಿರುವವರೆಗೆ ಚಿಂತೆಯಿಲ್ಲ. ಅಜ್ಜನು ಕಾಲವಾದ ಮೇಲೆ ಆ ಅಕ್ಷರಕ್ಕೆ ಅರ್ಥ ಹೇಳುವವರಾರು?

ಹೆಸರು ಎಲ್ಲಿಂದ ಹುಟ್ಟಿತು, ಎಲ್ಲೆಲ್ಲಿ ಅಲೆಯಿತು ಎಂಬ ವಿಚಾರವನ್ನು ಪಾಶ್ಚಾತ್ಯರು ಬಹಳ ಆಸಕ್ತಿಯಿಂದ ಶೋಧಿಸಿರುವರು. ಅವರಲ್ಲಿಯೂ ಫ್ರೆಂಚರ ಮನೆತನದ ಹೆಸರುಗಳ ಕ್ರಮವು ತಿಳಿಯಾಗಿರುವುದರಿಂದ ಅದನ್ನು ಮೊದಲು ನೋಡಿಕೊಂಡು, ಆಮೇಲೆ ನಮ್ಮ ನಾಲ್ಕು ಊರುಗಳ ಕಡೆಗೆ ಹೊರಡೋಣ.

ಫ್ರಾನ್ಸ್ ದೇಶದಲ್ಲಿಯೂ ಪೂರ್ವದಲ್ಲಿ ಒಬ್ಬನಿಗೆ ಒಂದೇ ಹೆಸರಿದ್ದಿತು. ಜನ ಹೆಚ್ಚಿ, ಒಂದೇ ಗ್ರಾಮದಲ್ಲಿ ಒಂದೇ ಹೆಸರಿನವರು ಹಲವರಾದಾಗ, ಗುರುತಿಗಾಗಿ ಎರಡನೆಯ ಹೆಸರು ಬೇಕಾಯಿತು. ಅದು ನಾಲ್ಕು ಬಗೆಯಾಗಿ ಹುಟ್ಟಿತು. ಹಿರಿಯನೊಬ್ಬನ ಹೆಸರೇ ಮನೆತನಕ್ಕೆ ನಿಂತುದು ಒಂದು ಬಗೆ. ಆ ದೇಶದಲ್ಲಿ ಅತ್ಯಂತ ಹೆಚ್ಚಾಗಿರುವ ‘ಮಾರ್ತ್ಯಾಂ’ ಎಂಬುದು ಇಂಥದು. ವಾಸಸ್ಥಾನದಿಂದ ಬಂದುದು ಎರಡನೆಯದು. ‘ದ್ಯುಪೋಂ’ ಎಂದರೆ ಸೇತುವೆಯ ಬಳಿಯವನು. ವೃತ್ತಿಯಿಂದ ಬಂದುದು ಮೂರನೆಯದು. ‘ಲೆಫೆವ್ರ್’ ಎಂದರೆ ಕಮ್ಮಾರ, ‘ಲಕ್ಲೇರ್’ ಎಂದರೆ ಬರಹಗಾರ, ನಮ್ಮ ಶಾನುಭೋಗನಿದ್ದಂತೆ. ರೂಪಗುಣಗಳಿಂದ ಬಂದ ಅಡ್ಡಹೆಸರು ನಾಲ್ಕನೆಯದು. ‘ಪೆತಿ’ ಎಂದರೆ ಗಿಡ್ಡ, ‘ಲರೂ’ ಎಂದರೆ ಕೆಂಗೂದಲಿನವನು. 1539ರಲ್ಲಿ ಒಂದನೆಯ ಫ್ರಾನ್ಸ್ವಾ ರಾಜನು ಹೊರಡಿಸಿದ ಶಾಸನದಿಂದ ಊರೂರಿನ ಇಗರ್ಜಿಗಳಲ್ಲಿ ಮಕ್ಕಳ ದೀಕ್ಷಾಸ್ನಾನವನ್ನು ಬರೆದಿಡುವ ಕಟ್ಟಳೆಯಾಯಿತು. ಹೀಗೆ ಬಾಯಲ್ಲಿದ್ದ ಹೆಸರು ಕಾಗದಕ್ಕೆ ಇಳಿದು ಸ್ಥಿರವಾಯಿತು.

ಹೆಸರು ಸ್ಥಿರವಾದರೂ ಜನರು ಸ್ಥಿರವಾಗಲಿಲ್ಲ. 1685ರಲ್ಲಿ ಹದಿನಾಲ್ಕನೆಯ ಲೂಯಿಯು ಪ್ರಾಟೆಸ್ಟಂಟರಿಗಿದ್ದ ಮತಸ್ವಾತಂತ್ರ್ಯವನ್ನು ರದ್ದುಮಾಡಿದಾಗ ಅಸಂಖ್ಯ ಕುಟುಂಬಗಳು ಹಾಲೆಂಡ್, ಇಂಗ್ಲೆಂಡ್, ದಕ್ಷಿಣ ಆಫ್ರಿಕಗಳಿಗೆ ಓಡಿಹೋದುವು. ಆಫ್ರಿಕದಲ್ಲಿ ಡಚ್ಚರ ನಡುವೆ ನೆಲಸಿದವರ ‘ಲಕ್ಲೇರ್’ ಎಂಬ ಹೆಸರು ‘ಡಿ ಕ್ಲರ್ಕ್’ ಎಂದಾಯಿತು. 1989ರಿಂದ 1994ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದವರ ಹೆಸರು ಇದೇ. ನಾಲಗೆ ಬದಲಾಯಿತು, ದೇಶ ಬದಲಾಯಿತು. ಹಳೆಯ ಬರಹಗಾರನ ಲೇಖಣಿ ಮಾತ್ರ ಹೆಸರಿನಲ್ಲಿ ಉಳಿಯಿತು.

ಇಂಥ ಫ್ರೆಂಚ್ ಹೆಸರೊಂದು ಕನ್ನಡನಾಡಿಗೂ ಬಂದು ಬಾಳಿದ್ದುಂಟು. 1792ರಲ್ಲಿ ಹಿಂದೂದೇಶಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲಸಿದ ಅಬ್ಬೆ ದ್ಯುಬ್ವಾ ಎಂಬ ಪಾದ್ರಿಯವರನ್ನು ವಾಚಕರು ಕೇಳಿರಬಹುದು. ‘ದ್ಯುಬ್ವಾ’ ಎಂದರೆ ‘ಕಾಡಿನವನು’. ಅವರ ಪೂರ್ವಿಕರಲ್ಲಿ ಯಾವನೋ ಒಬ್ಬನು ಕಾಡಿನ ಮಗ್ಗುಲಲ್ಲಿ ಮನೆಮಾಡಿಕೊಂಡಿದ್ದನೆಂಬುದೇ ಆ ಹೆಸರಿನ ತಾತ್ಪರ್ಯ. ನಮ್ಮವರ ನಡೆನುಡಿಗಳನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥವು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1803 ಮತ್ತು 1804ರಲ್ಲಿ ಅವರ ಪ್ರಯತ್ನದಿಂದ 25,432 ಮಂದಿಗೆ ಸಿಡುಬಿನ ದೇವಿ ಹಾಕಲಾಯಿತು. ನಮ್ಮ ಜನರಿಗೆ ‘ದ್ಯುಬ್ವಾ’ ಎಂಬುದು ನಾಲಗೆಗೆ ಹೊರಳದ ಮಾತು. ಅವರು ‘ದೊಡ್ಡಸ್ವಾಮಿಯವರು’ ಎಂದು ಬೇರೊಂದು ಹೆಸರನ್ನೇ ಇಟ್ಟರು. ಹುಟ್ಟಿದ ನಾಡು ಕೊಟ್ಟುದೊಂದು, ಬಾಳಿದ ನಾಡು ಕೊಟ್ಟುದೊಂದು. 1823ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರಿಗೆ ಎರಡು ಹೆಸರುಗಳಿದ್ದುವು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅವರ ಹೆಸರಿನಿಂದ ಕರೆಯಲ್ಪಡುವ ಇಗರ್ಜಿಯು ಇಂದಿಗೂ ಇದೆ. ಆ ಗಂಜಾಮಿಗೂ ನಮ್ಮ ಶಿರಾ ಪಟ್ಟಣಕ್ಕೂ ಇರುವ ಸಂಬಂಧವನ್ನು ಮುಂದೆ ಹೇಳುವೆವು.

ಈಗ ತುಮಕೂರಿನಿಂದ ಉತ್ತರಕ್ಕೆ ಹೊರಡೋಣ. ಫ್ರೆಂಚರ ನಾಲ್ಕು ಬಗೆಗಳೂ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದಾಗಿ ಎದುರಾಗುವುದನ್ನು ಕಾಣಬಹುದು.

ಮೊದಲು ಸಿಕ್ಕುವುದು ಸುವರ್ಣಮುಖೀ ನದಿಯ ಬಳಿಯ ಕೊರಟಗೆರೆ. ಊರಿನ ಹೆಸರಿನ ಕೊನೆಯಲ್ಲಿರುವ ‘ಗೆರೆ’ ಎಂಬುದು ‘ಕೆರೆ’ಯೇ, ಕಕಾರಕ್ಕೆ ಗಕಾರವು ಬಂದ ಆದೇಶಸಂಧಿಯೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಇಲ್ಲಿಯ ಕೋಟೆಯನ್ನು ಕಟ್ಟಿಸಿದವನು ಹೊಳವನಹಳ್ಳಿಯ ಪಾಳೆಯಗಾರರ ವಂಶದ ರಣಭೈರೇಗೌಡನೆಂದು ಪ್ರತೀತಿ. ಈ ವಂಶದ ಮೂಲವನ್ನು ಹುಡುಕಿಕೊಂಡು ಹೋದರೆ ದಾರಿಯು ದೇವನಹಳ್ಳಿಯ ಸಮೀಪದ ಅವತಿಗೂ, ಅಲ್ಲಿಂದ ಕಂಚಿಯ ಹತ್ತಿರದ ಆಲೂರೆಂಬ ಗ್ರಾಮಕ್ಕೂ ಹೋಗುವುದು. ಮೊರಸು ಒಕ್ಕಲಿಗರಲ್ಲಿ ಹರಿದುಬಂದಿರುವ ಕಥೆಯಂತೆ, ಆ ಗ್ರಾಮದ ಗೌಡನ ಮಗಳನ್ನು ಬಲಿಷ್ಠನಾದ ಅನ್ಯಕುಲದ ಪಾಳೆಯಗಾರನೊಬ್ಬನು ಕೇಳಿದನು. ಕೊಡಲೊಲ್ಲದೆ, ಎದುರಿಸಲಾರದೆ, ಏಳು ಮಂದಿ ಒಡಹುಟ್ಟಿದವರು ತಮ್ಮ ಸಂಸಾರಗಳೊಡನೆ ಗಾಡಿಗಳಲ್ಲಿ ರಾತ್ರಿಯೇ ಹೊರಟರು. ಪಾಲಾರ್ ನದಿಯು ತುಂಬಿ ಹರಿಯುತ್ತಿದ್ದಿತು. ಹಿಂದೆ ಶತ್ರುಗಳು ಬೆನ್ನಟ್ಟಿದ್ದರು. ಆ ಕನ್ಯೆಯು ಗಂಗೆಯನ್ನು ಬೇಡಿಕೊಂಡು ಕಿವಿಯ ಆಭರಣವನ್ನು ನೀರಿಗೆ ಹಾಕಿದಳಂತೆ, ನದಿಯು ದಾರಿಬಿಟ್ಟಿತಂತೆ. ಅವರು ನಂದಿಬೆಟ್ಟದ ಪೂರ್ವದಲ್ಲಿ ಬೀಡುಬಿಟ್ಟು, ‘ಆಹುತಿ’ ಎಂಬ ಗ್ರಾಮವನ್ನು ಕಟ್ಟಿದರು, ಅದೇ ಅವತಿಯಾಯಿತು.

ನದಿಯು ಇಬ್ಭಾಗವಾದ ಸಂಗತಿಯನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ನಾವು ಗಮನಿಸಬೇಕಾದುದು ಬೇರೆ. ಊರು ಬಿಟ್ಟವರು ಗದ್ದೆಯನ್ನು ತರಲಿಲ್ಲ, ಮನೆಯನ್ನು ತರಲಿಲ್ಲ. ‘ಭೈರೇಗೌಡ’ ಎಂಬ ಹೆಸರನ್ನು ತಂದರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಳವನಹಳ್ಳಿಗಳ ಕವಲುಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬಂದು ಅದೇ ಮರಳಿ ಮರಳಿ ಕಾಣಿಸುವುದು. ‘ಮಾರ್ತ್ಯಾಂ’ ಎಂಬ ಹೆಸರು ಫ್ರಾನ್ಸಿನಲ್ಲಿ ಹೇಗೋ, ಭೈರವನ ಹೆಸರು ಈ ಸೀಮೆಯಲ್ಲಿ ಹಾಗೆಯೇ ಮನೆತನದ ಗುರುತಾಗಿ ನಿಂತಿತು.

ಕೊರಟಗೆರೆಯಿಂದ ಮುಂದುವರಿದರೆ ಏಕಶಿಲೆಯ ಮಹಾಪರ್ವತವು ಕಣ್ಣಿಗೆ ಬೀಳುವುದು. ಸಮುದ್ರಮಟ್ಟಕ್ಕೆ ಸುಮಾರು 3,900 ಅಡಿ ಎತ್ತರವಾದ ಆ ಬೆಟ್ಟದ ಬುಡದಲ್ಲಿಯೇ ಮಧುಗಿರಿ. ರಾಜಾ ಹಿರೇಗೌಡನೆಂಬ ನಾಯಕನ ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದಿಂದ ಮೈಯೆಲ್ಲ ತೊಯ್ದು ಇಳಿದು ಬಂದಿತಂತೆ. ಮೇಲೆ ನೀರಿನ ಸೆಲೆಯಿದೆಯೆಂದು ತಿಳಿದು ಕೋಟೆಯನ್ನು ಕಟ್ಟಿದರಂತೆ. ಮೈಸೂರಿನವರು ಚಿಕ್ಕದೇವರಾಜರ ಕಾಲದಲ್ಲಿ, 1678ರಲ್ಲಿ, ಇದನ್ನು ಗೆದ್ದರು. ಈ ಊರಿಗೆ ಮೊದಲು ‘ಮದ್ದಗಿರಿ’ ಎಂದು ಹೆಸರು. 1927ರಲ್ಲಿ ಅದು ‘ಮಧುಗಿರಿ’ ಎಂದು ಬದಲಾಯಿತು. ಇದಕ್ಕೆ ಹಿಂದೆ ಊರು ಬಿಟ್ಟುಹೋದ ಮನೆಗಳವರು ‘ಮದ್ದಗಿರಿ’ ಎಂದು ಬರೆದುಕೊಂಡಿದ್ದರೆ, ಆಮೇಲೆ ಹೋದವರು ‘ಮಧುಗಿರಿ’ ಎಂದು ಬರೆದಿರುವರು. ಇವೆರಡೂ ಬೇರೆ ಬೇರೆ ಊರುಗಳೆಂದು ದೂರದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಭ್ರಮಿಸಿದರೆ ಆಶ್ಚರ್ಯವಿಲ್ಲ. ಊರಿನ ಹೆಸರು ಬದಲಾದರೂ ಮೊದಲಕ್ಷರವು ಬದಲಾಗಲಿಲ್ಲ. ಅಕ್ಷರವೊಂದೇ ಉಳಿದವರಿಗೆ ಅದರಿಂದ ಏನೂ ತಿಳಿಯದು.

ಇದೇ ತಾಲ್ಲೂಕಿನ ಮಿಡಿಗೇಶಿಯು ಅಡ್ಡಹೆಸರಿಗೆ ಒಳ್ಳೆಯ ನಿದರ್ಶನ. ಹಿಮ್ಮಡಿಯವರೆಗೆ ಇಳಿಬಿದ್ದ ಕೇಶಪಾಶವುಳ್ಳ ರಾಣಿಯೊಬ್ಬಳು ಇಲ್ಲಿದ್ದಳೆಂದೂ, ಅವಳಿಂದಲೇ ಬೆಟ್ಟಕ್ಕೂ ಊರಿಗೂ ಈ ಹೆಸರೆಂದೂ ಹೇಳುವರು. ಇಲ್ಲಿಯೂ ‘ಕೇಶಿ’ಯು ‘ಗೇಶಿ’ಯಾಗಿರುವುದು. ಹೆಣ್ಣಿನ ತಲೆಗೂದಲಿನಿಂದ ಹುಟ್ಟಿದ ಹೆಸರು ಊರಿನದಾಗಿ, ಆ ಊರನ್ನು ಬಿಟ್ಟ ಗಂಡಸರ ಹೆಸರಿಗೆ ಮುಂಚೆ ಒಂದಕ್ಷರವಾಗಿ ನಿಂತಿರುವುದು ವಿನೋದವಲ್ಲವೆ! ಕೆಂಗೂದಲಿನ ‘ಲರೂ’ ಮನೆತನದವರು ಕೇಳಿದರೆ ಸಂತೋಷಪಟ್ಟಾರು.

ಮಧುಗಿರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಶಿರಾ. ರತ್ನಗಿರಿಯ ರಂಗಪ್ಪನಾಯಕನು ಕೋಟೆಯನ್ನು ಕಟ್ಟಲು ತೊಡಗಿದನು. ಅದು ಮುಗಿಯುವ ಮೊದಲೇ ಬಿಜಾಪುರದ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಮೊಗಲರು ಬಂದು ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳ ಸುಬಾಕ್ಕೆ ಇದನ್ನು ರಾಜಧಾನಿಯನ್ನಾಗಿ ಮಾಡಿದರು. ಬಿಜಾಪುರದವರ ಕಾಲದಲ್ಲಿ ದೇಶಮುಖ, ದೇಶಪಾಂಡೆ, ಕುಲಕರ್ಣಿ, ಕಾನೂನುಗೋ ಮುಂತಾದ ಅಧಿಕಾರಗಳು ಈ ಕಡೆಗೆ ಬಂದುವು. ಕಂದಾಯದ ಲೆಕ್ಕವನ್ನು ನೋಡುತ್ತಿದ್ದವರ ಅಧಿಕಾರವು ತಂದೆಯಿಂದ ಮಗನಿಗೆ ಇಳಿಯುತ್ತಿದ್ದುದರಿಂದ ಅಧಿಕಾರದ ಹೆಸರೇ ಮನೆಯ ಹೆಸರಾಯಿತು. ಸರ್ಕಾರಗಳು ಬಿದ್ದುಹೋದುವು, ಲೆಕ್ಕದ ಕಡತಗಳು ಗೆದ್ದಲು ಹಿಡಿದುವು. ಹೆಸರು ಮಾತ್ರ ಮೊಮ್ಮಕ್ಕಳಿಗೆ ಉಳಿಯಿತು. ಇದು ‘ಲಕ್ಲೇರ್’ನ ಕಥೆಯೇ.

ಶಿರಾ ಪಟ್ಟಣಕ್ಕೆ ಮತ್ತೊಂದು ಸಂಕಟವೂ ಒದಗಿತು. ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಮೆಂಬ ಹೊಸ ಪೇಟೆಯನ್ನು ಕಟ್ಟಿದಾಗ, ಅದನ್ನು ತುಂಬುವುದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲಾತ್ಕಾರವಾಗಿ ಎಬ್ಬಿಸಿ ಕರೆದೊಯ್ದನೆಂದು ಇತಿಹಾಸಕಾರರು ಬರೆದಿರುವರು. ವಾಚಕರು ಈ ಸಂಖ್ಯೆಯನ್ನು ಒಂದು ಕ್ಷಣ ಯೋಚಿಸಿ ನೋಡಬೇಕು. ಮನೆಗೆ ಐವರೆಂದರೂ ಅರುವತ್ತು ಸಾವಿರ ಜನ. ಅವರು ಯಾವ ಯಾವ ಪಾತ್ರೆಗಳನ್ನು ಹೊತ್ತರೋ, ಯಾವ ದೇವರ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟರೋ! ದ್ಯುಬ್ವಾ ಅವರು ಗಂಜಾಮಿಗೆ ಬಂದುದು ಇದಾದ ಕೆಲವೇ ವರ್ಷಗಳ ಮೇಲೆ. ಫ್ರಾನ್ಸಿನ ‘ಕಾಡಿನವನು’ ಅಲ್ಲಿ ತನ್ನ ಹೆಸರನ್ನು ಬರೆದಿಟ್ಟುದರಿಂದ ಅದು ಉಳಿದಿದೆ. ಶಿರಾದಿಂದ ಹೋದವರಲ್ಲಿ ‘ನಾವು ಶಿರಾದವರು’ ಎಂದು ಬರೆದಿಟ್ಟವರೆಷ್ಟು ಮಂದಿ?

ಕಡೆಗೆ ಉತ್ತರದ ಪಾವಗಡ. ಕರ್ಣಾಟಕದ ಈ ತಾಲ್ಲೂಕನ್ನು ಬಹುಮಟ್ಟಿಗೆ ಎಲ್ಲ ಕಡೆಯಿಂದಲೂ ಆಂಧ್ರದ ಸೀಮೆಯು ಆವರಿಸಿರುವುದು. ತೆಲುಗರು ಇದನ್ನು ಪಾಮುಕೊಂಡವೆಂದರು. ‘ಪಾವು’ ಎಂಬುದು ಹಾವಿಗೆ ಹಳಗನ್ನಡದ ಹೆಸರು. ಪಕಾರವೆಲ್ಲ ಹಕಾರವಾದ ಕಾಲದಲ್ಲಿಯೂ ಈ ಬೆಟ್ಟವು ತನ್ನ ಹಳೆಯ ಪಕಾರವನ್ನು ಬಿಡಲಿಲ್ಲ. ಇಲ್ಲಿ ಮನೆಮನೆಗೂ ‘ಇಂಟಿಪೇರು’ ಉಂಟು. ಆ ಮನೆಹೆಸರನ್ನು ಮೊದಲು ಹೇಳಿ, ತಮ್ಮ ಹೆಸರನ್ನು ಆಮೇಲೆ ಹೇಳುವುದು ತೆಲುಗರ ಪದ್ಧತಿ. ಅವುಗಳಲ್ಲಿ ಅನೇಕವು ಹಿಂದೆ ಬಿಟ್ಟುಬಂದ ಹಳ್ಳಿಗಳ ಹೆಸರುಗಳೇ.

ಈ ತಾಲ್ಲೂಕಿನ ನಿಡುಗಲ್ಲು ದುರ್ಗದಲ್ಲಿ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಚೋಳವಂಶದವರೆನ್ನಿಸಿಕೊಂಡ ಅರಸರು ಆಳುತ್ತಿದ್ದರು. ಇವರ ಶಾಸನಗಳಲ್ಲಿ ಒರೆಯೂರಿನ ಒಡೆಯರೆಂಬ ಬಿರುದು ಬರುವುದು. ಒರೆಯೂರೆಂದರೆ ತಿರುಚಿನಾಪಳ್ಳಿಯ ಬಳಿಯ ಉರೈಯೂರು, ಚೋಳರ ಪುರಾತನ ರಾಜಧಾನಿ. ನಿಡುಗಲ್ಲಿನ ಬಂಡೆಯ ಮೇಲೆ ಕುಳಿತ ಅರಸನಿಗೆ ಕಾವೇರೀತೀರದ ಆ ಊರಿನಲ್ಲಿ ಅಧಿಕಾರವಿರಲಿಲ್ಲ. ಆದರೂ ತಾನು ಇಂಥ ಊರಿನ ವಂಶದವನೆಂಬ ನೆನಪನ್ನು ಕಲ್ಲಿನಲ್ಲಿ ಕೊರೆಯಿಸಿದನು. ತಲಕಾಡಿನಲ್ಲಿ ಆಳಿದ ಗಂಗರು ಕುವಲಾಲಪುರವರೇಶ್ವರರೆನಿಸಿಕೊಂಡರು. ದೋರಸಮುದ್ರದ ಹೊಯ್ಸಳರು ದ್ವಾರಾವತೀಪುರವರಾಧೀಶ್ವರರೆನಿಸಿಕೊಂಡರು. ಅರಸನಿಗೆ ಇಷ್ಟುದ್ದದ ಬಿರುದು ಬೇಕಾಯಿತು. ಗೃಹಸ್ಥನಿಗೆ ಒಂದಕ್ಷರವೇ ಸಾಕಾಯಿತು. ಎರಡರ ಅಭಿಪ್ರಾಯವೂ ಒಂದೇ: ‘ನಮ್ಮ ಹಿರಿಯರು ಅಲ್ಲಿಂದ ಬಂದರು’ ಎಂಬುದು.

ಕನ್ನಡಿಗರ ಹೆಸರಿಗೆ ಮುಂಚಿನ ಊರು ಇಂದಿಗೂ ಜೀವಂತವಾದ ಪದ್ಧತಿ. ವಿಜ್ಞಾನವನ್ನು ಕನ್ನಡದಲ್ಲಿ ಹರಡಿದ ಬೆಳ್ಳಾವೆ ವೆಂಕಟನಾರಣಪ್ಪನವರು (1872–1943), ನ್ಯಾಯಾಧೀಶರಾಗಿದ್ದ ನಿಟ್ಟೂರು ಶ್ರೀನಿವಾಸರಾಯರು (1903–2004), ಶಿರಾ ತಾಲ್ಲೂಕಿನ ಬರಗೂರನ್ನು ಹೆಸರಿನಲ್ಲಿ ಧರಿಸಿರುವ ಬರಗೂರು ರಾಮಚಂದ್ರಪ್ಪನವರು, ಇವರೆಲ್ಲ ತಮ್ಮ ಸಣ್ಣ ಊರುಗಳನ್ನು ನಾಡಿಗೆಲ್ಲ ಪರಿಚಯಮಾಡಿಸಿದವರು. ಇವರು ಊರನ್ನು ಅಕ್ಷರಕ್ಕೆ ಇಳಿಸದೆ ಪೂರ್ಣವಾಗಿ ಬರೆದುದರಿಂದ ಹಾಗಾಯಿತೆಂಬುದನ್ನು ಮರೆಯಬಾರದು.

ಒಳಪಂಗಡಗಳ ಹೆಸರುಗಳಲ್ಲಿಯೂ ದಾರಿಯು ಅಡಗಿರುವುದು. ಈ ತಾಲ್ಲೂಕುಗಳಲ್ಲಿ ಬಬ್ಬೂರುಕಮ್ಮೆಯವರೆಂಬ ಬ್ರಾಹ್ಮಣರಿರುವರು. ಕಮ್ಮೆಯೆಂಬುದು ಮೂಡಣ ದೇಶದ ಒಂದು ನಾಡಿನ ಹೆಸರು; ಬಬ್ಬೂರು ಹಿರಿಯೂರಿನ ಸಮೀಪದ ಗ್ರಾಮ. ಎರಡು ಮಜಲುಗಳ ಪ್ರಯಾಣವು ಒಂದೇ ಸಮಾಸಪದದಲ್ಲಿ ಅಡಕವಾಗಿದೆ.

ಇನ್ನು ಗೃಹಿಣಿಯರ ವಿಚಾರ. ವಲಸೆಯೆಂದರೆ ಯುದ್ಧವೋ ಬರಗಾಲವೋ ಆಗಬೇಕೆಂದಿಲ್ಲ. ಮದುವೆಯಾದ ಪ್ರತಿಯೊಬ್ಬ ಹೆಣ್ಣುಮಗಳೂ ಒಂದೂರಿನಿಂದ ಇನ್ನೊಂದೂರಿಗೆ ವಲಸೆ ಹೋದವಳೇ. ನಮ್ಮ ಹಳ್ಳಿಗಳಲ್ಲಿ ಸೊಸೆಯನ್ನು ತವರೂರಿನಿಂದ ಗುರುತಿಸಿ, ‘ಮಿಡಿಗೇಶಿಯಾಕೆ’, ‘ಹೊಳವನಹಳ್ಳಿಯಮ್ಮ’ ಎಂದು ಕರೆಯುವ ಸಂಪ್ರದಾಯವಿದ್ದಿತು; ಹಿರಿಯರಿರುವ ಕಡೆ ಇಂದಿಗೂ ಉಂಟು. ಕಾಗದದಲ್ಲಿ ಮಾತ್ರ ಅವಳ ಊರು ಎಲ್ಲಿಯೂ ಕಾಣದು. ಫ್ರಾನ್ಸಿನಲ್ಲಿ 1794ರ ಕಾನೂನಿನ ಪ್ರಕಾರ ಜನನದ ದಾಖಲೆಯಲ್ಲಿರುವ ಹೆಸರನ್ನಲ್ಲದೆ ಬೇರೊಂದನ್ನು ಯಾರೂ ಧರಿಸಕೂಡದು. ಆದುದರಿಂದ ಮದುವೆಯಾದ ಹೆಂಗಸಿನ ತವರಿನ ಹೆಸರೂ ಸರ್ಕಾರದ ಪುಸ್ತಕದಲ್ಲಿ ಅಳಿಯದೆ ಉಳಿಯುವುದು. ನಮ್ಮಲ್ಲಿ ಆ ಕೆಲಸವನ್ನು ನೆರೆಹೊರೆಯವರ ನಾಲಗೆಯು ಮಾಡುತ್ತಿದ್ದಿತು. ನಾಲಗೆಯ ದಾಖಲೆಗೆ ಆಯುಸ್ಸು ಕಡಮೆ.

ಈ ವಿಚಾರವು ಬರಿಯ ಕುತೂಹಲವೆಂದು ಯಾರೂ ತಳ್ಳಿಹಾಕಬಾರದು. ಇಂದು ನಮ್ಮ ಮನೆಗಳ ಮಕ್ಕಳು ವಿದೇಶಕ್ಕೆ ಹೋಗುವರು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಹೆಸರೊಂದು, ಉಪನಾಮವೊಂದು ಎಂದು ಎರಡು ಮನೆಗಳಿರುವುವು. ಉಪನಾಮದ ಮನೆಯಲ್ಲಿ ಅಣ್ಣನು ಊರನ್ನು ಬರೆದರೆ, ತಮ್ಮನು ತಂದೆಯ ಹೆಸರನ್ನು ಬರೆಯುವನು. ಒಡಹುಟ್ಟಿದವರು ಎರಡು ವಂಶದವರಂತೆ ಆಗುವರು. ಏನನ್ನೂ ಬರೆಯದೆ ಒಂದೇ ಹೆಸರಿನಿಂದ ಹೋದವನಿಗೆ ಅಮೆರಿಕದವರು ಅದನ್ನೇ ಉಪನಾಮವೆಂದೆಣಿಸಿ, ವೀಸಾದಲ್ಲಿ ‘ಎಫ್. ಎನ್. ಯು.’ ಎಂದು ಅಚ್ಚುಹಾಕುವರು. ಇದರ ಅರ್ಥ ‘ಮೊದಲ ಹೆಸರು ತಿಳಿಯದು’ ಎಂದು. ನಾಮಕರಣದ ದಿನ ಅಕ್ಕಿಯ ಮೇಲೆ ಬರೆದು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು ‘ತಿಳಿಯದು’ ಎಂದಾಗುವುದು! ಊರನ್ನು ಬರೆದವನ ಮಕ್ಕಳಿಗೂ ಕಷ್ಟವಿಲ್ಲದೆ ಇಲ್ಲ. ತಾನು ಎಂದೂ ಕಾಣದ ಹೊಳವನಹಳ್ಳಿಯನ್ನು ಹೆಸರಿನ ಕೊನೆಯಲ್ಲಿ ಹೊತ್ತು ಬೆಳೆಯುವ ಮಗುವಿಗೆ ಅದು ಊರೆಂದು ಹೇಳುವವರಿಲ್ಲದಿದ್ದರೆ, ‘ದ್ಯುಬ್ವಾ’ ನಮ್ಮ ಜನರಿಗಿದ್ದಂತೆ ಅದು ಬರಿಯ ಶಬ್ದವಾಗುವುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ವೃದ್ಧರಿರುವಾಗಲೇ ಹೆಸರಿನ ಅಕ್ಷರವನ್ನು ಬಿಡಿಸಿ ಬರೆದಿಡಿರಿ. ವೃದ್ಧರಿಗೂ ತಿಳಿಯದಿದ್ದರೆ ಹಳೆಯ ಲಗ್ನಪತ್ರಿಕೆಗಳನ್ನು, ಕ್ರಯಪತ್ರಗಳನ್ನು, ಇನಾಮು ಕಾಗದಗಳನ್ನು ಹುಡುಕಿರಿ. ಹಿಂದಿನವರು ಅಲ್ಲಿ ‘ಇಂಥ ಊರಿನಲ್ಲಿರುವ ಇಂಥವರು’ ಎಂದು ಪೂರ್ಣವಾಗಿ ಬರೆಯುತ್ತಿದ್ದರು. ಹಿರಿಯರಾರಾದರೂ ಗಯಾಶ್ರಾದ್ಧವನ್ನು ಮಾಡಿದ್ದರೆ ಅಲ್ಲಿಯ ಪಂಡರ ವಹಿಗಳಲ್ಲಿ ಊರೂ ವಂಶವೂ ದೊರೆಯಬಹುದು. ಇವೆಲ್ಲವೂ ಇಲ್ಲದಿದ್ದರೆ ಮನೆದೇವರನ್ನು ವಿಚಾರಿಸಿರಿ. ತಿರುಪತಿಯ ವೆಂಕಟರಮಣನು ಎಲ್ಲರಿಗೂ ಸೇರಿದವನಾದುದರಿಂದ ಅವನಿಂದ ಊರು ಗೊತ್ತಾಗದು. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯ ಸೀಬಿಯ ನರಸಿಂಹನೋ, ಇಲ್ಲವೆ ಯಾವುದೋ ಹಳ್ಳಿಯ ಗಡಿಯಲ್ಲಿರುವ ಅಮ್ಮನೋ ಮನೆದೇವರಾಗಿದ್ದರೆ, ಆ ಸುತ್ತಿನಲ್ಲಿ ಹಿಂದೊಮ್ಮೆ ನಿಮ್ಮವರ ಒಲೆ ಉರಿಯುತ್ತಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ. ಮನೆ ಬಿಟ್ಟವರು ಹೊಲವನ್ನು ಮರೆತರೂ ಹರಕೆಯನ್ನು ಮರೆಯುವುದಿಲ್ಲ.

ಸೊಸೆಯರ ತವರೂರುಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಅಜ್ಜಿಯ ಊರು, ಮುತ್ತಜ್ಜಿಯ ಊರು ಎಂದು ನಾಲ್ಕು ತಲೆ ಬರೆದರೆ, ಪ್ರತಿಯೊಂದು ಮನೆಯಲ್ಲಿಯೂ ನಾಡಿನ ಒಂದು ಸಣ್ಣ ನಕ್ಷೆಯು ತಾನಾಗಿ ಸಿದ್ಧವಾಗುವುದು. ಇದಕ್ಕೆ ಪಾಂಡಿತ್ಯವು ಬೇಡ. ಒಂದು ನೋಟುಪುಸ್ತಕವೂ ಒಂದು ಮಧ್ಯಾಹ್ನದ ಬಿಡುವೂ ಸಾಕು. ನಿಡುಗಲ್ಲಿನ ಅರಸನಿಗೆ ಕಲ್ಲೂ ಶಿಲ್ಪಿಯೂ ಬೇಕಾಗಿದ್ದುವು. ನಮಗೆ ಬೇಕಾದುದು ಅಷ್ಟೇ.